ಎಣಿಕೆಗೆ ಸಿಗದ ನಲವತ್ತೆಂಟು ಜನ

ಜೂನ್ 4

ತಮ್ಮಾ,

ಫೋನಿನಲ್ಲಾದರೆ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳ ಶುರು ಮಾಡುತ್ತೇವೆ. ಕಾಗದದಲ್ಲಿ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪಂಪ್‌ಹೌಸಿನಲ್ಲಿ ಕೂತಿದ್ದೇನೆ, ಎರಡನೇ ಮೋಟರ್ ಗರಗರ ಅನ್ನುತ್ತಿದೆ. ಅಕ್ಷರ ಅಲುಗಿದ್ದರೆ ಅದು ಮೋಟರಿನ ತಪ್ಪು.

ಮಾರ್ಚಿನಲ್ಲಿ ನಮ್ಮ ಸಂಘಕ್ಕೂ ಪುರಸಭೆಗೂ ಸಂಬಳದ ಒಪ್ಪಂದ ಆಯಿತಲ್ಲ, ನೂರಕ್ಕೆ ಒಂಬತ್ತು ಏರಿಕೆ? ಹನ್ನೊಂದು ಸುತ್ತು ಮಾತುಕತೆ. ಕೊನೆಯ ದಿನ ಪುರಸಭೆಯ ಅಧ್ಯಕ್ಷರು ಕೈಕುಲುಕಿ ಫೋಟೋ ತೆಗೆಸಿಕೊಂಡರು. ಏಪ್ರಿಲ್, ಮೇ ಎರಡೂ ತಿಂಗಳು ಹೊಸ ಸಂಬಳ ಬಂತು. ನಿನ್ನೆ ಅದೇ ಅಧ್ಯಕ್ಷರು ಸಂಘದ ಕಾರ್ಯದರ್ಶಿ ಎಂದು ನನ್ನನ್ನು ಕರೆಸಿ ಹೇಳುತ್ತಾರೆ, ಬಜೆಟ್ಟಿನಲ್ಲಿ ಇನ್ನೂರ ಹನ್ನೆರಡು ಜನರ ಸಂಬಳವನ್ನಷ್ಟೇ ಹಿಡಿದಿದ್ದರಂತೆ. ನಾವಿರುವುದು ಇನ್ನೂರ ಅರವತ್ತು. ಹೋದ ಅಕ್ಟೋಬರಿನಲ್ಲಿ ಗುತ್ತಿಗೆಯಿಂದ ಖಾಯಂ ಆದ ನಲವತ್ತೆಂಟು ಜನ ಗುಡಿಸುವವರನ್ನು ಎಣಿಸುವುದೇ ಮರೆತುಹೋಯಿತಂತೆ.

“ತಪ್ಪು ಮನುಷ್ಯರಿಂದಲೇ ಆಗೋದಮ್ಮ. ಏರಿಕೆ ಬೇಡ ಅಂತ ಸಂಘದವರೇ ಸ್ವಂತ ಇಚ್ಛೆಯಿಂದ ಬರೆದುಕೊಡಿ. ಸ್ವಲ್ಪ ದೊಡ್ಡ ಮನಸ್ಸು ಮಾಡಿ.”

“ದೊಡ್ಡ ಮನಸ್ಸು ದೊಡ್ಡ ಸಂಬಳ ಇರೋರ ಹತ್ರ ಕೇಳಿ ಸಾರ್” ಅಂದೆ. “ನಮ್ಮ ಹತ್ರ ಇರೋದು ಒಪ್ಪಂದ. ಅದರಲ್ಲಿ ನಿಮ್ಮ ಸಹಿ ಇದೆ.”

ಪಕ್ಕದಲ್ಲಿದ್ದ ಮುಖ್ಯಾಧಿಕಾರಿ ಮೆಲ್ಲಗೆ, “ಹಾಗಾದ್ರೆ ಆ ನಲವತ್ತೆಂಟು ಜನರನ್ನ ವಾಪಸ್ ಗುತ್ತಿಗೆಗೆ ಹಾಕಬೇಕಾಗುತ್ತೆ” ಅಂದರು. ನಾನು ಎದ್ದು ಬಂದೆ. ಕುರ್ಚಿ ಬಿತ್ತು. ಬೇಕೆಂದು ಬೀಳಿಸಿದ್ದಲ್ಲ, ಎತ್ತಿ ನಿಲ್ಲಿಸಲೂ ಇಲ್ಲ.

ನೀನಿರುವುದು ಎಲ್ಲ ಊರುಗಳ ಬಜೆಟ್ಟೂ ತಪಾಸಣೆಗೆ ಬರುವ ಕಚೇರಿ. ಯಾವ ಮೇಜಿನಲ್ಲಿ ಕೂರುತ್ತೀಯೋ ನನಗೆ ಗೊತ್ತಿಲ್ಲ, ನೀನು ಹೇಳಿದ್ದೂ ಇಲ್ಲ. ಉಪಕಾರ ಕೇಳುತ್ತಿಲ್ಲ. ಪೊರಕೆ ಹಿಡಿದು ದಿನಾ ಬೆಳಿಗ್ಗೆ ಐದಕ್ಕೆ ರಸ್ತೆಯಲ್ಲಿ ನಿಲ್ಲುವ ನಲವತ್ತೆಂಟು ಜನ ಕಾಗದದ ಮೇಲೆ ಹೇಗೆ ಮಾಯವಾಗುತ್ತಾರೆ? ಅಷ್ಟು ತಿಳಿಸು.

ಮಗುವಿಗೆ ಹಲ್ಲು ಬಂತಾ?

ಅಕ್ಕ


ಜೂನ್ 15

ಅಕ್ಕಾ,

ಕಾಗದ ತಲುಪಿತು. ಮಗುವಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಕೈಗೆ ಸಿಕ್ಕಿದ್ದೆಲ್ಲ ಕಚ್ಚುತ್ತಾಳೆ. ನಿನ್ನ ಹೋಲಿಕೆ ಎಂದು ಅವಳಮ್ಮ ನಗುತ್ತಾಳೆ.

ನೀನು ಕೇಳಿದ್ದಕ್ಕೆ ನೇರ ಉತ್ತರ ಕೊಡುವುದು ಕಷ್ಟ. ಬಜೆಟ್ ತಯಾರಿಸುವಾಗ ಹಿಂದಿನ ವರ್ಷದ ಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ರೂಢಿ. ವರ್ಷದ ನಡುವೆ ಖಾಯಂ ಆದವರು ಬಿಟ್ಟುಹೋಗುವುದುಂಟು. ಇದರಲ್ಲಿ ಯಾರದೂ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ. ಬಜೆಟ್ ನೋಡುವ ಶಾಖೆಯಲ್ಲಿ ಜನ ಕಡಿಮೆ, ಕೆಲಸ ವಿಪರೀತ.

ತಮ್ಮನಾಗಿ ಒಂದು ಮಾತು. ಒಂಬತ್ತರಲ್ಲಿ ನಾಲ್ಕೂವರೆ ಉಳಿಸಿಕೊಂಡು ರಾಜಿಯಾಗಬಹುದಲ್ಲ? ಎಲ್ಲವೂ ಬೇಕೆಂದು ಹಟ ಹಿಡಿದರೆ ವಿಚಾರಣೆ, ಕಡತ, ಸಾಕ್ಷಿ ಎಂದು ಬೆಳೆಯುತ್ತ ಹೋಗುತ್ತದೆ. ಆಮೇಲೆ ಯಾರು ಯಾರು ಸಿಕ್ಕಿಬೀಳುತ್ತಾರೋ ಹೇಳಲಾಗದು. ಸಿಕ್ಕಿಬೀಳುವವರಿಗೂ ಹೆಂಡತಿ ಮಕ್ಕಳಿರುತ್ತಾರೆ.

ಕೋಪ ಮಾಡಿಕೊಳ್ಳಬೇಡ. ಆರೋಗ್ಯ ನೋಡಿಕೋ.

ನಿನ್ನ ತಮ್ಮ


ಜೂನ್ 19

ತಮ್ಮಾ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೊದಲ ಸಲ ನಿನ್ನ ಅಕ್ಷರ ಕಂಡಿತು. ಎರಡನೇ ಸಲ ಯಾವುದೋ ಇಲಾಖೆಯ ಸುತ್ತೋಲೆ ಕಂಡಿತು. ಹೆಂಡತಿ ಮಕ್ಕಳು ಅಧಿಕಾರಿಗಳಿಗೆ ಮಾತ್ರ ಇರುತ್ತಾರಾ? ಗುಡಿಸುವವರು ರಸ್ತೆಯಲ್ಲೇ ಹುಟ್ಟಿ ರಸ್ತೆಯಲ್ಲೇ ಬೆಳೆದವರಾ?

ಸಿಕ್ಕಿಬೀಳುವ ವಿಷಯ ಎತ್ತಿದೆಯಲ್ಲ, ಸಿಕ್ಕಿಬಿದ್ದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೋಮವಾರ ಪುರಸಭೆಯ ಲೆಕ್ಕ ಶಾಖೆಯ ಪಟ್ಟಿಯಮ್ಮನನ್ನು ಅಮಾನತು ಮಾಡಿದರು. ನಿನಗೆ ಅವಳ ಪರಿಚಯವಿಲ್ಲ. ಊಟದ ಡಬ್ಬಿ ಯಾವ ವಾರ ಯಾವ ಬಣ್ಣದ್ದು ಅನ್ನುವುದಕ್ಕೂ ಪಟ್ಟಿ ಇಟ್ಟಿರುವ ಹೆಂಗಸು. ನಿವೃತ್ತಿಗೆ ಹದಿನಾಲ್ಕು ತಿಂಗಳು. ನಲವತ್ತೆಂಟು ಜನರನ್ನು ಎಣಿಸಲು ಮರೆತದ್ದು ಅವಳೇ ಎಂದು ಆರೋಪ.

ನಾನು ಅವಳ ಮನೆಗೆ ಹೋದೆ. ಅಳುತ್ತಿರುತ್ತಾಳೆ ಅಂದುಕೊಂಡಿದ್ದೆ. ಕಪಾಟಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಎತ್ತರದ ಪ್ರಕಾರ ಜೋಡಿಸುತ್ತಿದ್ದಳು.

“ನಾನು ಮರೆತಿಲ್ಲಮ್ಮ” ಅಂದಳು. “ಸಭೆ ಒಪ್ಪಿದ ಬಜೆಟ್ ನಾನು ತಿದ್ದೋ ಹಾಗಿಲ್ಲ, ಅದಕ್ಕೇ ಜನವರಿ ಇಪ್ಪತ್ತಕ್ಕೆ ಅದರ ಜೊತೇಲೇ ತಪಾಸಣೆ ಕಚೇರಿಗೆ ಒಂದು ಟಿಪ್ಪಣಿ ಕಳಿಸಿದೀನಿ. ಪುಟ ಹನ್ನೆರಡು, ಖಾಯಂ ಸಂಬಳ. ಅಲ್ಲಿ ಈ ನಲವತ್ತೆಂಟು ಜನ ಇಲ್ಲ. ಪುಟ ನಲವತ್ತು, ಗುತ್ತಿಗೆ. ಅವರು ಇನ್ನೂ ಅಲ್ಲೇ ಇದಾರೆ. ಅಲ್ಲಿಂದ ತೆಗೆದು ಇಲ್ಲಿ ಹಾಕಿದ್ರೆ ಸಾಕು. ಹಣ ಇದೆ, ಕೂತಿರೋ ಪುಟ ತಪ್ಪು.”

ಕೇಳಿಸಿತಾ? ಹಣ ಇತ್ತು! ಗುತ್ತಿಗೆಯ ಪುಟದಲ್ಲಿ ತೆಪ್ಪಗೆ ಕೂತಿತ್ತು. ಏಪ್ರಿಲಿನಲ್ಲಿ ಅಧ್ಯಕ್ಷರು ಅದನ್ನೇ “ಉಳಿತಾಯ” ಎಂದು ಘೋಷಿಸಿ ಪುರಸಭೆ ಕಟ್ಟಡದ ಮುಂಭಾಗಕ್ಕೆ ಗಾಜು ಹಾಕಿಸಲು ಶುರು ಮಾಡಿದರು. ಮೂರು ಮಹಡಿ ಗಾಜು. ನಮ್ಮವರು ದಿನಾ ಅದರ ಕೆಳಗಿನ ಪುಡಿ ಗುಡಿಸುತ್ತಾರೆ.

ಆ ಟಿಪ್ಪಣಿಯ ನಕಲು ಪುರಸಭೆಯ ಕಡತದಲ್ಲಿ ಇಲ್ಲ. ಯಾರು ಕಿತ್ತರೋ. ಆದರೆ ಮೂಲ ಪ್ರತಿ ನಿಮ್ಮ ಕಚೇರಿಗೆ ಬಂದಿದೆ. ಅದನ್ನು ಹುಡುಕು.

ಸಂಘದಲ್ಲಿ ಕೆಲವರು ಗೊಣಗಿದರು. ಪಟ್ಟಿಯಮ್ಮ ನಮ್ಮ ಸದಸ್ಯಳಲ್ಲ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕತ್ತರಿಸುತ್ತಿದ್ದವಳು. “ಅವಳಿಗಾಗಿ ನಾವ್ಯಾಕೆ ಎದೆ ಕೊಡ್ಬೇಕು?” ಅಂದರು. ಅವಳು ಕತ್ತರಿಸಿದ್ದು ನಿಯಮ ಇದ್ದಷ್ಟೇ, ಒಂದು ಬಿಡಿ ಪೈಸೆಯೂ ಹೆಚ್ಚಲ್ಲ ಅಂದೆ. ನಲವತ್ತೆಂಟು ಜನರನ್ನು ಆ ಕಚೇರಿಯಲ್ಲಿ ಎಣಿಸಿದವಳು ಅವಳೊಬ್ಬಳೇ. ಅವಳನ್ನು ಬಿಟ್ಟುಕೊಟ್ಟರೆ ನಾಳೆ ನಮ್ಮನ್ನು ಯಾರು ಎಣಿಸುತ್ತಾರೆ?

ಬೇಗ ಬರೆ.

ಅಕ್ಕ


ಜುಲೈ 8

ತಮ್ಮಾ,

ಹತ್ತೊಂಬತ್ತು ದಿನ ಆಯಿತು. ಅಂಚೆಯವನು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾನೆ.

ನಿನ್ನ ಮೌನ ನನಗೆ ಅರ್ಥವಾಗಿದೆ. ಬಡ್ತಿ ಹತ್ತಿರವಿದೆ, ಅಲ್ಲವೇ? ಸಂಘ ಕಟ್ಟಿಕೊಂಡು ಬೀದಿಯಲ್ಲಿ ಕೂಗುವ ಅಕ್ಕ ಇದ್ದಾಳೆ ಎಂದು ಮೇಲಿನವರಿಗೆ ತಿಳಿದರೆ ನಾಚಿಕೆ. ಇರಲಿ. ನೀನು ಓದಲೆಂದು ನಾನು ಹದಿನೆಂಟನೇ ವಯಸ್ಸಿಗೆ ಈ ಪಂಪ್‌ಹೌಸ್ ಸೇರಿದ್ದನ್ನು ಎಂದೂ ಎತ್ತಿ ಆಡುವುದಿಲ್ಲ ಅಂದುಕೊಂಡಿದ್ದೆ. ಈಗ ಆಡಿಬಿಟ್ಟೆ. ಬರೆದದ್ದನ್ನು ಹೊಡೆದುಹಾಕುವುದೂ ಇಲ್ಲ.

ಇಲ್ಲಿನ ಸುದ್ದಿ. ನಲವತ್ತೆಂಟು ಜನರಿಗೂ ನೋಟೀಸು ಬಂತು, ಆಗಸ್ಟ್ ಒಂದರಿಂದ ಮತ್ತೆ ಗುತ್ತಿಗೆ. ಅಂದರೆ ರಜೆ ಇಲ್ಲ, ಪಿಂಚಣಿ ಇಲ್ಲ, ಬಿದ್ದರೆ ಆಸ್ಪತ್ರೆ ಖರ್ಚೂ ಇಲ್ಲ. ನಾವು ಮುಷ್ಕರದ ನೋಟೀಸು ಕೊಟ್ಟೆವು. ಗುತ್ತಿಗೆಯ ನೋಟೀಸು ಹಂಚುವಾಗ ಗುಡಿಸುವವರ ಮುಂದಾಳು ಸೀಟಿ ಅಕ್ಕ (ಕಸದ ಲಾರಿಗೆ ಬಾಯಲ್ಲೇ ಸೀಟಿ ಹೊಡೆದು ನಿಲ್ಲಿಸುತ್ತಾಳೆ, ಅದಕ್ಕೆ ಆ ಹೆಸರು) ಮುಖ್ಯಾಧಿಕಾರಿಯ ಬಾಗಿಲಲ್ಲಿ ನಿಂತು ಕೇಳಿದಳು: “ಸಾರ್, ನಾವು ಲೆಕ್ಕದಲ್ಲಿ ಇಲ್ಲ ಅಂದ್ರಲ್ಲ, ಹಂಗಾದ್ರೆ ಈ ನೋಟೀಸು ಯಾರಿಗೆ ಬರೆದ್ರಿ?”

ಅಲ್ಲಿದ್ದ ಪೊಲೀಸೂ ನಕ್ಕ.

ಪಟ್ಟಿಯಮ್ಮನದೂ ಈ ನೋಟೀಸಿನದೂ ಸೇರಿಸಿ ವಿಚಾರಣೆ ಇದೇ ಇಪ್ಪತ್ತೆಂಟಕ್ಕೆ. ಟಿಪ್ಪಣಿ ಸಿಗದಿದ್ದರೆ ಪಟ್ಟಿಯಮ್ಮನ ಕೆಲಸ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ. ನೀನು ಸಹಾಯ ಮಾಡದಿದ್ದರೂ ನಾವು ಹೋರಾಡುತ್ತೇವೆ. ಅದನ್ನು ತಿಳಿಸಲು ಇಷ್ಟು ಬರೆದೆ.

ಅಕ್ಕ


ಜುಲೈ 11

ಅಕ್ಕಾ,

ನೀನು ತಪ್ಪು ತಿಳಿದಿದ್ದೀಯ. ನಿನ್ನ ಬಗ್ಗೆ ನನಗೆ ನಾಚಿಕೆ ಇಲ್ಲ. ಇದ್ದರೆ ನನ್ನ ಬಗ್ಗೆಯೇ.

ಆ ಟಿಪ್ಪಣಿ ಹುಡುಕಬೇಕಾಗಿಯೇ ಇರಲಿಲ್ಲ. ಅದು ಎಲ್ಲಿದೆ ಎಂದು ಜೂನ್ ಹದಿನೈದರಂದು ನಿನಗೆ ಬರೆಯುವಾಗಲೂ ನನಗೆ ಗೊತ್ತಿತ್ತು. ಹೋದ ವರ್ಷದಿಂದ ನಾನು ಬಜೆಟ್ ತಪಾಸಣೆಯ ಮೇಜಿನಲ್ಲಿದ್ದೇನೆ. ಸ್ವಂತ ಊರಿನ ಕಡತ ನೋಡುವಂತಿಲ್ಲ. ಜನವರಿಯಲ್ಲಿ ಪಕ್ಕದ ಮೇಜಿನವನು ರಜೆ ಹಾಕಿದ, ನಮ್ಮೂರಿನದೂ ಸೇರಿ ಅವನ ಕಡತಗಳೆಲ್ಲ ನನಗೆ ಬಂದವು. ಆರು ದಿನದಲ್ಲಿ ಇಪ್ಪತ್ತೇಳು ಊರುಗಳ ಬಜೆಟ್.

ಪಟ್ಟಿಯಮ್ಮನ ಟಿಪ್ಪಣಿ ಮೇಲೆಯೇ ಇತ್ತು. ಓದಿದೆ. ಅರ್ಥವಾಯಿತು. ಅಷ್ಟು ಸ್ಪಷ್ಟವಾಗಿ ಬರೆದಿದ್ದರು. ತಿದ್ದಬೇಕಾದರೆ ಬಜೆಟ್ಟನ್ನು ವಾಪಸ್ ಕಳಿಸಬೇಕಿತ್ತು, ಮೇಲಧಿಕಾರಿ “ಒಂದೂ ವಾಪಸ್ ಹೋಗಬಾರದು” ಎಂದು ಹೇಳಿದ್ದರು. ವರ್ಷದ ಕೊನೆಗೆ ಪರಿಷ್ಕರಿಸುವಾಗ ಸರಿಮಾಡಿದರಾಯಿತು ಎಂದುಕೊಂಡು ಅದರ ಮೂಲೆಯಲ್ಲಿ “ನೋಡಿದೆ” ಎಂದು ಬರೆದು, ಸಹಿ ಹಾಕಿ, ತಾರೀಕು ಹಾಕಿದೆ. ಜನವರಿ ಇಪ್ಪತ್ತೆರಡು. ಆಮೇಲೆ ಮರೆತೆ. ನಿನ್ನ ಮೊದಲ ಕಾಗದ ಓದಿದಾಗಲೇ ನೆನಪಾಯಿತು.

ಅರ್ಧಕ್ಕೆ ರಾಜಿಯಾಗು ಎಂದು ಹೇಳಿದ್ದು ನಿನ್ನ ಒಳ್ಳೆಯದಕ್ಕಲ್ಲ. ರಾಜಿಯಾದರೆ ವಿಚಾರಣೆ ಇರುವುದಿಲ್ಲ, ಕಡತ ತೆರೆಯುವುದಿಲ್ಲ ಎಂದು. ನಾನು ಸುಮ್ಮನಿದ್ದರೆ ಎಲ್ಲವೂ ಸುಮ್ಮನಾಗುತ್ತದೆ ಅಂದುಕೊಂಡೆ. ಅಷ್ಟರಲ್ಲಿ ಆ ಹೆಂಗಸನ್ನು ಮನೆಗೆ ಕಳಿಸಿದರು.

ಟಿಪ್ಪಣಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಬೀಗ ಹಾಕಿದ್ದೇನೆ. ಕೆಲಸ ಹೋದರೆ ಈ ಬಾಡಿಗೆ ಮನೆ ಎರಡು ತಿಂಗಳೂ ನಿಲ್ಲುವುದಿಲ್ಲ. ಇವಳಿಗೆ ಇನ್ನೂ ಹೇಳಿಲ್ಲ. ನಾನೇನು ಮಾಡಲಿ ಅಕ್ಕಾ?

ತಮ್ಮ


ಜುಲೈ 15

ತಮ್ಮಾ,

ಏನು ಮಾಡಲಿ ಎಂದು ನನ್ನನ್ನು ಕೇಳಬೇಡ. ಚಿಕ್ಕಂದಿನಲ್ಲಿ ಲೋಟ ಒಡೆದು ನೀನು ಹಾಗೇ ಕೇಳುತ್ತಿದ್ದೆ, ನಾನು “ನಾನೇ ಒಡೆದೆ” ಎಂದು ಹೇಳಿ ಬೈಸಿಕೊಳ್ಳುತ್ತಿದ್ದೆ. ಇದು ಲೋಟವಲ್ಲ. ನಲವತ್ತೆಂಟು ಮನೆ, ಅದರ ಮೇಲೆ ಒಬ್ಬ ಹೆಂಗಸಿನ ಮಾನ.

ನಿನ್ನ ಕಾಗದ ಓದಿ ಪಂಪ್‌ಹೌಸಿನ ಹಿಂದೆ ಹೋಗಿ ಕೂತೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೆ. ಹತ್ತೊಂಬತ್ತು ದಿನ ನೀನು ಬೆಂಕಿಯಲ್ಲಿ ಬೇಯುತ್ತಿದ್ದರೆ ನಾನು ಬಡ್ತಿ, ನಾಚಿಕೆ ಎಂದೆಲ್ಲ ಕಥೆ ಕಟ್ಟಿದೆ. ಅಷ್ಟು ನನ್ನ ತಪ್ಪು. ಉಳಿದದ್ದು ನಿನ್ನದೇ.

ನಾನು ಏನು ಮಾಡುತ್ತೇನೆ ಎಂಬುದನ್ನು ಮಾತ್ರ ಹೇಳುತ್ತೇನೆ. ನಿನ್ನ ಕಾಗದವನ್ನು ಯಾರಿಗೂ ತೋರಿಸುವುದಿಲ್ಲ. ಅದು ತಮ್ಮ ಅಕ್ಕನಿಗೆ ಬರೆದದ್ದು. ಆದರೆ ಇಪ್ಪತ್ತೆಂಟರ ವಿಚಾರಣೆಯಲ್ಲಿ ನೀನು ಬಾಯಿ ಬಿಡದಿದ್ದರೆ ನಾನು ಬಿಡುತ್ತೇನೆ. ಟಿಪ್ಪಣಿ ಯಾವ ಕಚೇರಿಯ ಯಾವ ಡ್ರಾಯರಿನಲ್ಲಿದೆ, ಬೀಗದ ಕೈ ಯಾರ ಹತ್ತಿರವಿದೆ ಎಂದು ಎಲ್ಲರ ಮುಂದೆ ಹೇಳುತ್ತೇನೆ. ಆಮೇಲೆ ಕಾರ್ಯದರ್ಶಿ ಪದವಿ ಬಿಟ್ಟು ಮನೆಗೆ ಹೋಗುತ್ತೇನೆ.

ನಿನಗೆ ಹದಿಮೂರು ದಿನ ಇದೆ.

ಮನೆ ಬಿಡಬೇಕಾಗಿ ಬಂದರೆ ಇಲ್ಲಿಗೆ ಬನ್ನಿ. ಎರಡು ಕೋಣೆ ಇದೆ. ಇದನ್ನು ಆಮಿಷ ಅಂದುಕೊಳ್ಳಬೇಡ. ನೀನು ಹೇಳಿದರೂ ಹೇಳದಿದ್ದರೂ ಬಾಗಿಲು ತೆರೆದಿರುತ್ತದೆ.

ಅಕ್ಕ


ಜುಲೈ 22

ಅಕ್ಕಾ,

ಇವಳಿಗೆ ಹೇಳಿದೆ. ಮಗುವಿಗೆ ತಿನ್ನಿಸುತ್ತಿದ್ದವಳು ಚಮಚ ಕೆಳಗಿಟ್ಟು, “ಅಷ್ಟು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಅಂತ ನಾನು ನಿಮ್ಮನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ಅಂದ್ಕೊಂಡಿದ್ದೆ” ಅಂದಳು. ಮಗುವಿನ ಬಾಯಿ ಒರೆಸಿ, “ನಾಳೆನೇ ಹೋಗಿ ಹೇಳ್ಬಿಡಿ” ಅಂದಳು. ಅಷ್ಟೇ.

ಮರುದಿನ ಟಿಪ್ಪಣಿ ಹಿಡಿದು ಮೇಲಧಿಕಾರಿಯ ಕೋಣೆಗೆ ಹೋದೆ. ಅವರು ಅದನ್ನು ಓದಿ, ಎದ್ದು ಬಾಗಿಲು ಹಾಕಿ ಬಂದರು. ಕೆಟ್ಟ ಮನುಷ್ಯರಲ್ಲ. ನನಗೆ ಟೀ ತರಿಸಿದರು.

“ಇದು ಬಂದಿದ್ದು ಯಾವಾಗ?”

“ಜನವರಿ ಇಪ್ಪತ್ತೆರಡು ಸಾರ್. ಸಹಿ ಇದೆ.”

“ಆ ಮೂಲೆ ಸ್ವಲ್ಪ ಹರಿದ ಹಾಗಿದೆಯಲ್ಲ.”

“ಇಲ್ಲ ಸಾರ್. ಗಟ್ಟಿಯಾಗಿಯೇ ಇದೆ.”

“ಹರಿಯಬಹುದು” ಅಂದರು. “ಟಿಪ್ಪಣಿ ಜೂನಲ್ಲಿ ಬಂತು, ಬೇರೆ ಕಡತದ ಜೊತೆ ಸೇರಿಕೊಂಡಿತ್ತು ಅಂತ ಬರೆದುಕೊಡಿ. ಆ ಹೆಂಗಸಿಗೆ ಎಚ್ಚರಿಕೆ ಕೊಟ್ಟು ಬಿಡ್ತಾರೆ. ಊರಿನ ಅಧ್ಯಕ್ಷರಿಗೂ ಬೇಸರ ಆಗಲ್ಲ. ನಿಮ್ಮ ಕೆಲಸಾನೂ ಉಳಿಯುತ್ತೆ. ಯಾರಿಗೂ ನಷ್ಟ ಇಲ್ಲ.”

ಯಾರಿಗೂ ನಷ್ಟ ಇಲ್ಲ ಎಂಬ ಮಾತನ್ನು ನಾನೂ ಎಷ್ಟೋ ಕಡತಗಳಲ್ಲಿ ಬರೆದಿದ್ದೇನೆ. ಅವತ್ತು ಮೊದಲ ಸಲ ಕಿವಿಗೆ ಬಿತ್ತು.

“ನಲವತ್ತೆಂಟು ಜನಕ್ಕೆ ನಷ್ಟ ಸಾರ್” ಅಂದೆ. ಟೀ ಬಟ್ಟಲನ್ನು ಮೇಜಿನ ಮೇಲಿಟ್ಟೆ. “ಎಚ್ಚರಿಕೆ ಕೊಡಬೇಕಾದ್ದು ಅವರಿಗಲ್ಲ, ನನಗೆ. ನಾನು ಈಗಾಗಲೇ ಮೂರು ದೃಢೀಕೃತ ಪ್ರತಿ ಮಾಡಿಸಿ ಬೆಳಿಗ್ಗೆಯೇ ರಿಜಿಸ್ಟರ್ ಅಂಚೆಗೆ ಹಾಕಿ ಬಂದಿದೀನಿ. ವಿಚಾರಣಾಧಿಕಾರಿಗೊಂದು, ಆ ಅಮ್ಮನಿಗೊಂದು, ಸಂಘಕ್ಕೊಂದು. ಜೊತೆಗೆ ನನ್ನ ಹೇಳಿಕೆ.”

ಅವರು ಟಿಪ್ಪಣಿಯನ್ನು ನನ್ನ ಕಡೆ ಸರಿಸಿದರು. “ನಿಮ್ಮನ್ನ ಮೆತ್ತಗಿನ ಮನುಷ್ಯ ಅಂದ್ಕೊಂಡಿದ್ದೆ” ಅಂದರು.

ನಾನೂ ಹಾಗೇ ಅಂದುಕೊಂಡಿದ್ದೆ, ಅಕ್ಕಾ.

ಮಧ್ಯಾಹ್ನ ಅಮಾನತಿನ ಆದೇಶ ಬಂತು. ಅನುಮತಿ ಇಲ್ಲದೆ ಊರು ಬಿಡುವಂತಿಲ್ಲ, ಹಾಗಾಗಿ ಇಪ್ಪತ್ತೆಂಟಕ್ಕೆ ಬರಲಾರೆ. ನೀನು ರಾಜೀನಾಮೆ ಕೊಡಬೇಡ. ನನ್ನ ತಪ್ಪನ್ನು ನಾನು ಹೊತ್ತಾಗಿದೆ, ಅದನ್ನು ಮತ್ತೆ ನಿನ್ನ ತಲೆಗೆ ಏರಿಸಿಕೊಳ್ಳಬೇಡ.

ತಮ್ಮ


ಜುಲೈ 30

ತಮ್ಮಾ,

ಗೆದ್ದೆವು. ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದು.

ವಿಚಾರಣೆ ಪುರಸಭೆಯ ಮೇಲಿನ ಸಭಾಂಗಣದಲ್ಲಿ. ಕಿಟಕಿಗೆ ಹೊಸ ಗಾಜು ಕೂರಿಸಿ ತೆರೆಯುವ ಚಿಲಕ ಇಡುವುದನ್ನು ಮರೆತಿದ್ದಾರೆ, ಒಳಗೆ ಎಲ್ಲರೂ ಬೆವರಿ ನೀರಾದೆವು. ಕೆಳಗೆ ರಸ್ತೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ನಮ್ಮವರು ಸುಮ್ಮನೆ ನಿಂತಿದ್ದರು. ಘೋಷಣೆ ಬೇಡ ಅಂದಿದ್ದೆ. ಇಷ್ಟು ಜನ ಬಾಯಿ ಮುಚ್ಚಿ ನಿಂತರೆ ಎಷ್ಟು ಭಯವಾಗುತ್ತದೆ ಎಂದು ಅವತ್ತು ನನಗೇ ಗೊತ್ತಾಯಿತು.

ವಿಚಾರಣಾಧಿಕಾರಿ ಟಿಪ್ಪಣಿಯನ್ನೂ ನಿನ್ನ ಹೇಳಿಕೆಯನ್ನೂ ಗಟ್ಟಿಯಾಗಿ ಓದಿದರು. ಪಟ್ಟಿಯಮ್ಮ ಕಣ್ಣು ಮುಚ್ಚಿಕೊಂಡು ತನ್ನದೇ ವಾಕ್ಯಗಳನ್ನು ಕೇಳುತ್ತಿದ್ದಳು. ಒಂದು ಕಡೆ ಅವರು ಅಂಕಿ ತಪ್ಪು ಓದಿದಾಗ ಕಣ್ಣು ಬಿಡದೆಯೇ ತಿದ್ದಿದಳು.

ಆಗ ಅಧ್ಯಕ್ಷರು ನನ್ನ ಕಡೆ ತಿರುಗಿ, “ಇದಕ್ಕೆ ಸಹಿ ಹಾಕಿದವರು ನಿಮ್ಮ ಒಡಹುಟ್ಟಿದವರಂತೆ. ಮನೇಲೇ ತಪ್ಪು ಇಟ್ಕೊಂಡು ನಮ್ಮ ಮೇಲೆ ಕೂಗಾಡಿದ್ರಾ?” ಅಂದರು.

ಎದ್ದು ನಿಂತೆ. “ಹೌದು, ನನ್ನ ತಮ್ಮ. ತಪ್ಪು ಮಾಡಿದ. ಮಾಡಿದೀನಿ ಅಂತ ಸಹಿ ಹಾಕಿ ಕಳಿಸಿದ. ನಿಮ್ಮ ಕಡತದಲ್ಲಿದ್ದ ಪ್ರತಿ ಕಿತ್ತವರು ಯಾರು ಅಂತ ಇನ್ನೂ ಯಾರೂ ಸಹಿ ಹಾಕಿಲ್ಲ. ಅದಕ್ಕೆ ಕಾಯ್ತಿದೀವಿ.”

ಮುಖ್ಯಾಧಿಕಾರಿ ಕನ್ನಡಕ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು.

ಆದೇಶ ಸಂಜೆ ಬಂತು. ಪಟ್ಟಿಯಮ್ಮ ಮರಳಿ ಕೆಲಸಕ್ಕೆ. ನೋಟೀಸು ರದ್ದು, ನಲವತ್ತೆಂಟು ಜನ ಖಾಯಂ. ಒಂಬತ್ತು ಒಂಬತ್ತೇ. ಗಾಜಿನ ಕೆಲಸ ಎರಡನೇ ಮಹಡಿಗೆ ನಿಂತಿತು, ಉಳಿದ ಹಣ ಸಂಬಳದ ಪುಟಕ್ಕೆ ವಾಪಸ್. ಖರ್ಚಾಗಿ ಹೋದ ಭಾಗವನ್ನು ಎಲ್ಲಿಂದ ತುಂಬುತ್ತಾರೆ ಎಂಬುದು ಅವರ ತಲೆನೋವು. ಪ್ರತಿ ಕಿತ್ತವರ ಹೆಸರು ಮಾತ್ರ ಹೊರಬರಲಿಲ್ಲ. ಅದನ್ನು ನಾವು ಬಿಟ್ಟಿಲ್ಲ.

ನಿನ್ನೆ ಸರ್ವಸದಸ್ಯರ ಸಭೆಯಲ್ಲಿ ನಿನ್ನ ಮಾತು ಕೇಳದೆ ರಾಜೀನಾಮೆ ಓದಲು ಎದ್ದೆ. ಟಿಪ್ಪಣಿ ಯಾರ ಹತ್ತಿರವಿದೆ ಎಂದು ಜುಲೈ ಮಧ್ಯದಿಂದ ನನಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ ಅಂದೆ. ಹಿಂದಿನಿಂದ ಸೀಟಿ ಅಕ್ಕ, “ಹದಿಮೂರು ದಿನ ಬಾಯಿ ಕಟ್ಕೊಂಡಿದ್ದು ತಪ್ಪೇ. ಅದಕ್ಕೆ ಶಿಕ್ಷೆ, ಇನ್ನೂ ಮೂರು ವರ್ಷ ನೀನೇ ಕಾರ್ಯದರ್ಶಿ. ಕುತ್ಕೊಳ್ಳೇ” ಅಂದಳು. ಇಬ್ಬರು ಮೂವರು ಒಪ್ಪಲಿಲ್ಲ, ಅವರ ಹೆಸರನ್ನೂ ನಡಾವಳಿಯಲ್ಲಿ ಬರೆಸಿದೆ.

ಸಭೆ ಮುಗಿದ ಮೇಲೆ ಪಟ್ಟಿಯಮ್ಮ ಬಂದಳು. ನಿನ್ನನ್ನು ಶಪಿಸುತ್ತಾಳೆ ಅಂದುಕೊಂಡೆ.

“ನಿಮ್ಮ ತಮ್ಮನ ಇಲಾಖಾ ವಿಚಾರಣೆಗೆ ಜೊತೆಗೆ ಕೂರೋಕೆ ಯಾರಿದಾರೆ?”

“ಯಾರೂ ಇಲ್ಲ.”

“ಆರೋಪಿ ಸಹಾಯಕ್ಕೆ ಒಬ್ಬ ನೌಕರರನ್ನ ಕರ್ಕೋಬಹುದು, ನಿಯಮ ಇದೆ. ನಾನು ಬರ್ತೀನಿ. ಮೊದಲು ಅವರನ್ನ ಚೆನ್ನಾಗಿ ಬೈತೀನಿ. ಆಮೇಲೆ ಅವರ ಪರ ವಾದ ಮಾಡ್ತೀನಿ. ಈ ಕ್ರಮದಲ್ಲೇ.”

ನಾನು ಅವಳ ಕೈ ಹಿಡಿದುಕೊಂಡೆ. ಅವಳಿಗೆ ಅದೆಲ್ಲ ಇಷ್ಟವಿಲ್ಲ, ಬಿಡಿಸಿಕೊಂಡಳು.

ಅಕ್ಕ


ಆಗಸ್ಟ್ 21

ಅಕ್ಕಾ,

ಪಟ್ಟಿಯಮ್ಮನವರು ಹೇಳಿದ ಕ್ರಮದಲ್ಲೇ ಮಾಡಿದರು. ನಿಲ್ದಾಣದಿಂದ ಮನೆಯವರೆಗೆ, ನಲವತ್ತು ನಿಮಿಷ, ಉಸಿರು ಬಿಡಲು ಮಾತ್ರ ನಿಲ್ಲಿಸಿ ಬೈದರು. ನಾನು ತಲೆ ತಗ್ಗಿಸಿ ಅವರ ಚೀಲ ಹೊತ್ತು ನಡೆದೆ.

ವಿಚಾರಣೆಯಲ್ಲಿ ಆರೋಪಪಟ್ಟಿಯ ಮೊದಲ ಸಾಲು “ಟಿಪ್ಪಣಿಯನ್ನು ಗಮನಿಸದೆ” ಎಂದಿತ್ತು. ಹಾಗೇ ಬಿಟ್ಟರೆ ಶಿಕ್ಷೆ ಕಡಿಮೆ ಎಂದು ಅಧಿಕಾರಿಯೇ ಸೂಚಿಸಿದರು. ನಾನು ಪಟ್ಟಿಯಮ್ಮನವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. “ಗಮನಿಸಿದ್ದೆ. ತಿದ್ದಿ ಬರೆಯಿರಿ” ಅಂದೆ.

ಆಮೇಲೆ ಅವರು ಎದ್ದರು. ತಪ್ಪು ಈ ಮನುಷ್ಯನದು ಎಂದು ಒಪ್ಪಿಕೊಂಡೇ ಕೇಳಿದರು, “ಆರು ದಿನದಲ್ಲಿ ಇಪ್ಪತ್ತೇಳು ಬಜೆಟ್, ಒಂದೂ ವಾಪಸ್ ಹೋಗಬಾರದು. ಈ ಆದೇಶ ಕೊಟ್ಟವರ ಆರೋಪಪಟ್ಟಿ ಎಲ್ಲಿದೆ? ನನ್ನ ಹತ್ರ ಇರೋ ಕಾಗದದಲ್ಲಿ ಅದು ಕಾಣಿಸ್ತಿಲ್ಲ.” ಪ್ರಶ್ನೆ ಮಾತ್ರ ನಡಾವಳಿಯಲ್ಲಿ ದಾಖಲಾಯಿತು. ದಾಖಲಾದದ್ದನ್ನು ಅವರು ಬಗ್ಗಿ ಓದಿ ನೋಡಿದ ಮೇಲೆಯೇ ಕೂತರು.

ಕೆಲಸ ಉಳಿಯಿತು. ಎರಡು ವರ್ಷದ ವಾರ್ಷಿಕ ವೇತನ ಬಡ್ತಿ ಕಡಿತ, ಬಜೆಟ್ ಮೇಜಿನಿಂದ ಹಳೆಯ ಕಡತಗಳ ಕೋಣೆಗೆ ವರ್ಗ. ಕಿಟಕಿ ಇಲ್ಲ, ಧೂಳು ಬೇಕಾದಷ್ಟು. ಇವಳು ಒಂದು ಹೊಲಿಗೆ ಕೆಲಸ ಹಿಡಿದಿದ್ದಾಳೆ. ಮನೆ ಬಿಡಬೇಕಾಗಿಲ್ಲ.

ಈಗ ಮುಖ್ಯ ವಿಷಯ. ಇವತ್ತು ಊಟದ ಹೊತ್ತಿಗೆ ತಪಾಸಣೆ ಶಾಖೆಯ ಮೂವರು ನನ್ನ ಕೋಣೆಗೆ ಇಳಿದು ಬಂದರು. ಜನವರಿಯಲ್ಲಿ ರಜೆ ಹಾಕಿದ ಆ ಪಕ್ಕದ ಮೇಜಿನವನೂ ಇದ್ದ. ಅವನು ರಜೆ ಹಾಕಿದ್ದು ತಲೆ ಸುತ್ತಿ ಬಿದ್ದದ್ದಕ್ಕಂತೆ, ಯಾರಿಗೂ ಹೇಳಿರಲಿಲ್ಲ. ಒಬ್ಬರಿಗೆ ದಿನಕ್ಕೆ ಎರಡೇ ಬಜೆಟ್, ಅದಕ್ಕಿಂತ ಹೆಚ್ಚು ನೋಡುವುದಿಲ್ಲ ಎಂದು ಬರೆದುಕೊಡೋಣ ಅಂದರು. ಹಾಗೆ ಒಬ್ಬೊಬ್ಬರೇ ಬರೆದರೆ ಒಬ್ಬೊಬ್ಬರನ್ನೇ ಮುರಿಯುತ್ತಾರೆ ಎಂದೆ. ಈ ಕಚೇರಿಯಲ್ಲಿ ಇದುವರೆಗೆ ಸಂಘ ಎಂಬುದಿಲ್ಲ. ಕಟ್ಟಬಾರದೆಂಬ ನಿಯಮವೂ ಇಲ್ಲ. ಇಡೀ ಮಧ್ಯಾಹ್ನ ಹಳೆಯ ಕಡತಗಳಲ್ಲಿ ಹುಡುಕಿ ಖಚಿತ ಮಾಡಿಕೊಂಡಿದ್ದೇನೆ.

ಸೋಮವಾರ ಸಂಜೆ ಐದೂವರೆಗೆ, ಇದೇ ಕೋಣೆಯಲ್ಲಿ. ಕುರ್ಚಿ ಎರಡೇ ಇವೆ, ಉಳಿದವರು ಕಡತಗಳ ಮೇಲೆ ಕೂರುತ್ತಾರೆ.

ಸಭೆಯ ನೋಟೀಸಿಗೆ ಮೊದಲ ಸಾಲು ಹೇಗೆ ಬರೆಯಬೇಕು? ಮರು ಅಂಚೆಗೇ ತಿಳಿಸು.

ತಮ್ಮ